ನಲ್ಲಿಯ ಬಳಿ ಅಳೆಯಬೇಕೋ, ಕೊಡದ ಬಳಿಯೋ? ನೀರು–ನೈರ್ಮಲ್ಯ ನೆರವಿನ ಮೌಲ್ಯಮಾಪನಕ್ಕೆ ವಿಧಾನ ಆರಿಸುವ ಬಗೆ

ಬಾಂಗ್ಲಾದೇಶದಲ್ಲಿ 1970ರ ದಶಕದಿಂದ ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆದು ಕೈಪಂಪು ಕೂರಿಸಲಾಯಿತು. ಕೆರೆಕುಂಟೆಯ ನೀರು ಕುಡಿದು ವಾಂತಿಭೇದಿಯಿಂದ ಸಾಯುತ್ತಿದ್ದ ಮಕ್ಕಳನ್ನು ಉಳಿಸುವುದು ಅದರ ಉದ್ದೇಶವಾಗಿತ್ತು. ಎಷ್ಟು ಪಂಪು, ಎಷ್ಟು ಜನರಿಗೆ ಒಂದು ಪಂಪು ಎಂಬ ಲೆಕ್ಕವನ್ನು ಶ್ರದ್ಧೆಯಿಂದ ಇಡಲಾಯಿತು. ಆ ಲೆಕ್ಕದಲ್ಲಿ ಅದು ದೊಡ್ಡ ಯಶಸ್ಸು. 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇರುವುದು ಪತ್ತೆಯಾಯಿತು. ಅಷ್ಟರಲ್ಲಿ ಕೋಟ್ಯಂತರ ಜನ ವರ್ಷಗಟ್ಟಲೆ ಅದೇ ನೀರನ್ನು ಕುಡಿದಿದ್ದರು. ಎಣಿಸಿದವರು ತಪ್ಪಾಗಿ ಎಣಿಸಿರಲಿಲ್ಲ. ಪಂಪುಗಳನ್ನು ಎಣಿಸಿದರೆ ಸಾಕು ಎಂದುಕೊಂಡಿದ್ದರು, ಅಷ್ಟೇ.

ಅದೇ ದೇಶದ ಕಾಕ್ಸ್ ಬಜಾರ್ ಜಿಲ್ಲೆಗೆ 2017ರ ಆಗಸ್ಟ್ 25ರ ನಂತರದ ತಿಂಗಳುಗಳಲ್ಲಿ ಮ್ಯಾನ್ಮಾರ್‌ನಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಜೀವ ಉಳಿಸಿಕೊಳ್ಳಲು ಓಡಿಬಂದರು. ಉಖಿಯಾ ಮತ್ತು ಟೆಕ್ನಾಫ್ ಭಾಗದ ಗುಡ್ಡಗಳ ಮರ ಕಡಿದು, ಬಿದಿರು ಮತ್ತು ಟಾರ್ಪಾಲಿನಿಂದ ಗುಡಿಸಲು ಕಟ್ಟಿಕೊಂಡರು. ಮೊದಲ ತಿಂಗಳುಗಳ ಧಾವಂತದಲ್ಲಿ ಸಾವಿರಾರು ಕೈಪಂಪುಗಳು, ಸಾವಿರಾರು ಗುಂಡಿ ಶೌಚಾಲಯಗಳು ಎದ್ದವು. ಅವುಗಳಲ್ಲಿ ಅನೇಕ ಪಂಪುಗಳಿಗೆ ಆಳ ಸಾಲದು. ಅನೇಕ ಶೌಚಗುಂಡಿಗಳು ಪಂಪಿನ ಮಗ್ಗುಲಲ್ಲೇ ಇದ್ದು, ಬೇಗ ತುಂಬಿಯೂ ಹೋದವು. ವರದಿಯ ಪಟ್ಟಿಯಲ್ಲಿ ಮಾತ್ರ ಅವೆಲ್ಲವೂ ಒಂದೊಂದು ಅಂಕಿ.

ಪ್ರವಾಹ, ಬರ, ವಲಸೆಯ ಸಂದರ್ಭದಲ್ಲಿ ನೀರು, ಶೌಚಾಲಯ, ಸೋಪು ಒದಗಿಸುವ ಸಣ್ಣ ಸಂಸ್ಥೆಗಳ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ನಾವು ಮಾಡಿದ ಕೆಲಸದಿಂದ ಉಪಯೋಗವಾಯಿತೇ ಎಂದು ತಿಳಿಯಲು ಯಾವ ವಿಧಾನ ಒಳ್ಳೆಯದು? ಮನೆ ಸಮೀಕ್ಷೆಯೋ, ನೀರಿನ ಪರೀಕ್ಷೆಯೋ, ಜನರ ಜೊತೆ ಕೂತು ಮಾತನಾಡುವುದೋ, ಆಸ್ಪತ್ರೆಯ ಲೆಕ್ಕವೋ? ನನ್ನ ಉತ್ತರವೂ ಬಹುಕಾಲದಿಂದ ಒಂದೇ. ನೀರು ಬಾವಿಯಿಂದ ಹೊರಟು ನಲ್ಲಿ, ಸರದಿ ಸಾಲು, ಕೊಡ, ಗುಡಿಸಲು, ಲೋಟ ದಾಟಿ ಮಗುವಿನ ಹೊಟ್ಟೆ ಸೇರುತ್ತದೆ. ಆಮೇಲೆ ಶೌಚಗುಂಡಿಗೆ ಇಳಿಯುತ್ತದೆ. ಪ್ರತಿಯೊಂದು ವಿಧಾನವೂ ಈ ದಾರಿಯ ಯಾವುದೋ ಒಂದು ತಿರುವಿನಲ್ಲಿ ನಿಂತು ನೋಡುತ್ತದೆ. ನಿಮ್ಮ ವಿಧಾನ ಎಲ್ಲಿ ನಿಂತಿದೆ, ಅಲ್ಲಿಂದ ಅದಕ್ಕೆ ಏನು ಕಾಣುವುದಿಲ್ಲ ಎಂಬುದನ್ನು ಮೊದಲು ತಿಳಿಯಿರಿ. ಒಂದನ್ನು ಮಾತ್ರ ಆರಿಸಲು ಸಾಧ್ಯವಿದ್ದರೆ, ಮನೆಯೊಳಗಿನ ಕೊಡದ ಬಳಿ ನಿಲ್ಲುವುದನ್ನು ಆರಿಸಿ.

ಎಣಿಕೆ: ಮೊದಲ ವಾರಗಳಿಗೆ ತಕ್ಕದ್ದು

1994ರ ಜುಲೈನಲ್ಲಿ ರುವಾಂಡಾದಿಂದ ಲಕ್ಷಾಂತರ ಜನ ಆಗಿನ ಜೈರ್ ದೇಶದ ಗೋಮಾ ಪಟ್ಟಣದ ಸುತ್ತ ಬಂದು ಬಿದ್ದರು. ಲಾವಾ ಕಲ್ಲಿನ ನೆಲವಾದ್ದರಿಂದ ಗುಂಡಿ ತೋಡಲೂ ಆಗಲಿಲ್ಲ. ಮೊದಲ ತಿಂಗಳೊಂದರಲ್ಲೇ ಸುಮಾರು 50,000 ಜನ ಸತ್ತರು; ಹೆಚ್ಚಿನವರನ್ನು ಕೊಂದದ್ದು ಕಾಲರಾ ಮತ್ತು ರಕ್ತಭೇದಿ. ನೂರಾರು ಸಂಸ್ಥೆಗಳು ಅಲ್ಲಿದ್ದರೂ, ಒಬ್ಬ ಮನುಷ್ಯನಿಗೆ ಕನಿಷ್ಠ ಎಷ್ಟು ನೀರು ಕೊಡಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇರಲಿಲ್ಲ. ಆ ನೆರವಿನ ಬಗ್ಗೆ 1996ರಲ್ಲಿ ಹೊರಬಂದ ಜಂಟಿ ಮೌಲ್ಯಮಾಪನ ನೆರವು ಲೋಕದ ಆತ್ಮಸಾಕ್ಷಿಯನ್ನು ಕಲಕಿತು. ನೆರವು ಸಂಸ್ಥೆಗಳು ಸೇರಿ ರೂಪಿಸಿದ, 1997ರಲ್ಲಿ ಆರಂಭವಾದ ‘ಸ್ಫಿಯರ್’ ಎಂಬ ಕನಿಷ್ಠ ಮಾನದಂಡಗಳ ಬೆನ್ನಿಗೆ ಇದ್ದದ್ದು ಆ ಅನುಭವ.

ಇಂದು ಬಹುತೇಕ ಎಲ್ಲ ಶಿಬಿರಗಳಲ್ಲಿ ಬಳಕೆಯಲ್ಲಿರುವ ಅಳತೆಗೋಲು ಅದೇ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. ಒಂದು ನಲ್ಲಿಗೆ 250 ಜನ, ಒಂದು ಕೈಪಂಪಿಗೆ 500 ಜನ. ನೀರಿನ ಜಾಗ ಮನೆಯಿಂದ 500 ಮೀಟರ್ ಮೀರಬಾರದು, ಸಾಲಿನಲ್ಲಿ 30 ನಿಮಿಷಕ್ಕಿಂತ ಹೆಚ್ಚು ಕಾಯಿಸಬಾರದು. ಆರಂಭದಲ್ಲಿ 50 ಜನರಿಗೆ ಒಂದು ಶೌಚಾಲಯ, ಆದಷ್ಟು ಬೇಗ 20 ಜನರಿಗೆ ಒಂದು. ತಿಂಗಳಿಗೆ ಒಬ್ಬರಿಗೆ 250 ಗ್ರಾಂ ಮೈ ಸೋಪು, 200 ಗ್ರಾಂ ಬಟ್ಟೆ ಸೋಪು.

ಈ ಎಣಿಕೆಯ ಶಕ್ತಿ ಅದರ ವೇಗ. ಇಬ್ಬರು ಒಂದು ದಿನದಲ್ಲಿ ಶಿಬಿರವನ್ನು ಸುತ್ತಿ, ಸಂಜೆಗೆ ‘ಈ ಮೂಲೆಯಲ್ಲಿ ನಲ್ಲಿ ಸಾಲದು’ ಎಂದು ಹೇಳಬಹುದು; ಮರುದಿನವೇ ಕೆಲಸ ಶುರುವಾಗಬಹುದು. ಆದರೆ ಎಣಿಸುವಾಗ ಕಟ್ಟಿದ್ದನ್ನಲ್ಲ, ಆ ದಿನ ಬಳಕೆಯಲ್ಲಿರುವುದನ್ನು ಎಣಿಸಿ. ತುಂಬಿ ಉಕ್ಕುವ ಗುಂಡಿ, ಬಾಗಿಲಿಲ್ಲದ ಗೂಡು, ಹಿಡಿ ಮುರಿದ ಪಂಪು ಇವು ಶೂನ್ಯ. ಸರಾಸರಿಯನ್ನೂ ನಂಬಬೇಡಿ. ಶಿಬಿರದ ಒಟ್ಟು ನೀರನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ 18 ಲೀಟರ್ ಬರಬಹುದು. ಗುಡ್ಡದ ತುದಿಯ ಮುದುಕಿಗೆ 6 ಲೀಟರ್ ಮಾತ್ರ ಸಿಗುತ್ತಿರಬಹುದು. ಕಾಕ್ಸ್ ಬಜಾರ್‌ನಲ್ಲೇ ನೋಡಿ: ಉತ್ತರದ ಉಖಿಯಾದಲ್ಲಿ ಅಂತರ್ಜಲ ಸಿಗುತ್ತದೆ, ದಕ್ಷಿಣದ ಟೆಕ್ನಾಫ್‌ನಲ್ಲಿ ಸಿಗುವುದು ಕಷ್ಟ. ಅಲ್ಲಿ ಮಳೆನೀರು ತಡೆದು ನಿಲ್ಲಿಸಿ ಶುದ್ಧೀಕರಿಸಬೇಕು, ಬೇಸಿಗೆಯಲ್ಲಿ ಟ್ಯಾಂಕರ್ ಓಡಿಸಬೇಕು. ಎರಡೂ ಕಡೆಯ ಅಂಕಿಗಳನ್ನು ಕೂಡಿಸಿ ಭಾಗಿಸಿದರೆ ಟೆಕ್ನಾಫ್‌ನ ಬಾಯಾರಿಕೆ ಮಾಯವಾಗುತ್ತದೆ.

ನೀರಿನ ಪರೀಕ್ಷೆ: ಎಲ್ಲಿಂದ ತೆಗೆದ ನೀರು ಎಂಬುದೇ ಮುಖ್ಯ

ನನ್ನ ಮನಸ್ಸಿಗೆ ಅತಿ ಹತ್ತಿರದ ವಿಷಯ ಇದು. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತುಂಬಿ ಉತ್ತರ ಕರ್ನಾಟಕದ ಊರೂರುಗಳೇ ಮುಳುಗಿದ್ದವು. ಶಾಲೆಯೊಂದರಲ್ಲಿ ತೆರೆದಿದ್ದ ಪರಿಹಾರ ಕೇಂದ್ರದಲ್ಲಿ ನಾವು ಟ್ಯಾಂಕರ್ ನೀರಿನಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ ಎಷ್ಟಿದೆ ಎಂದು ನೋಡಿದೆವು. ಸರಿಯಾಗಿತ್ತು. ವರದಿ ಬರೆಯಲು ಕುಳಿತಾಗ ಹಿರಿಯ ತಾಯಿಯೊಬ್ಬರು ಬಂದು, ‘ನೀವು ಗಾಡಿಯ ನೀರು ನೋಡಿದಿರಿ, ನಾವು ಕುಡಿಯುವ ನೀರು ನೋಡಲಿಲ್ಲವಲ್ಲ’ ಎಂದರು. ಒಳಗೆ ಹೋದೆವು. ಮನೆಯಿಂದ ಉಳಿಸಿ ತಂದಿದ್ದ ಅಗಲ ಬಾಯಿಯ ಪಾತ್ರೆಗಳಲ್ಲಿ ಮುಚ್ಚಳವಿಲ್ಲದೆ ನೀರು ತುಂಬಿಟ್ಟಿದ್ದರು. ಮಕ್ಕಳು ಚೊಂಬು ಮುಳುಗಿಸಿ ಎತ್ತಿಕೊಳ್ಳುತ್ತಿದ್ದರು. ಪರೀಕ್ಷೆಯ ಕೊಳವೆಯಲ್ಲಿ ಬಣ್ಣವೇ ಬರಲಿಲ್ಲ, ಅಂದರೆ ಕ್ಲೋರಿನ್ ಉಳಿದಿರಲಿಲ್ಲ. ಆ ತಾಯಿ ಕಲಿಸಿದ್ದನ್ನು ಅಲ್ಲಿಯವರೆಗೆ ಯಾವ ತರಬೇತಿಯೂ ನನಗೆ ಅಷ್ಟು ಸ್ಪಷ್ಟವಾಗಿ ಕಲಿಸಿರಲಿಲ್ಲ.

ಇದು ಒಂದು ಶಾಲೆಯ ಕಥೆಯಲ್ಲ. ನಲ್ಲಿಯಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು ಎಂಬುದು ಬಹುಕಾಲದ ರೂಢಿ. 2013ರಲ್ಲಿ ದಕ್ಷಿಣ ಸುಡಾನಿನ ನಿರಾಶ್ರಿತರ ಶಿಬಿರಗಳಲ್ಲಿ ನೀರನ್ನು ನಲ್ಲಿಯಿಂದ ಗುಡಿಸಲಿನವರೆಗೂ ಹಿಂಬಾಲಿಸಿ ಅಳೆದಾಗ, ಆ ಪ್ರಮಾಣ ಮನೆಯಲ್ಲಿಟ್ಟ ನೀರನ್ನು ಕಾಯಲು ಸಾಲದು ಎಂದು ಕಂಡಿತು. ಬಿಸಿಲು, ಕೊಡದ ಕೊಳೆ, ಮುಳುಗಿಸುವ ಕೈ ಇವೆಲ್ಲ ಸೇರಿ ಗಂಟೆಗಳಲ್ಲೇ ಕ್ಲೋರಿನ್ ಇಳಿದುಹೋಗುತ್ತದೆ. ಕಾಕ್ಸ್ ಬಜಾರ್‌ನ ಮೊದಲ ವರ್ಷದ ಪರೀಕ್ಷೆಗಳಲ್ಲೂ ಮೂಲದ ನೀರಿಗಿಂತ ಮನೆಯಲ್ಲಿಟ್ಟ ನೀರೇ ಹೆಚ್ಚು ಕೆಟ್ಟಿತ್ತು.

ಈಗ ಪರೀಕ್ಷೆಗಳನ್ನೇ ಒಂದಕ್ಕೊಂದು ಹೋಲಿಸೋಣ. ಕ್ಲೋರಿನ್ ಪರೀಕ್ಷೆ ಅಗ್ಗ. ಡಿಪಿಡಿ ಮಾತ್ರೆ ಹಾಕಿದರೆ ನಿಮಿಷದಲ್ಲಿ ಗುಲಾಬಿ ಬಣ್ಣ ಬರುತ್ತದೆ, ಕಲಿಯಲು ಅರ್ಧ ದಿನ ಸಾಕು. ಆದರೆ ಕ್ಲೋರಿನ್ ಹಾಕಿದ ನೀರಿಗೆ ಮಾತ್ರ ಅದು ಅರ್ಥಪೂರ್ಣ. ಕೈಪಂಪಿನ ನೀರಿಗೆ ಇ-ಕೋಲಿ, ಅಂದರೆ ಮಲ ಬೆರೆತಿರುವುದನ್ನು ತೋರಿಸುವ ಬ್ಯಾಕ್ಟೀರಿಯಾದ ಪರೀಕ್ಷೆ ಬೇಕು. ಅದಕ್ಕೆ ಪುಟ್ಟ ಇನ್‌ಕ್ಯುಬೇಟರ್, ಒಂದು ರಾತ್ರಿಯ ಸಮಯ, ಕೈ ಶುದ್ಧವಾಗಿಟ್ಟುಕೊಂಡು ಕೆಲಸ ಮಾಡುವ ಶಿಸ್ತು ಬೇಕು. ಪ್ರತಿಯಾಗಿ, 100 ಮಿಲಿಲೀಟರಿನಲ್ಲಿ ಎಷ್ಟು ಎಂಬ ಸಂಖ್ಯೆ ಸಿಗುತ್ತದೆ. ಇವೆರಡರ ನಡುವೆ ಹೈಡ್ರೋಜನ್ ಸಲ್ಫೈಡ್ ಬಾಟಲಿ ಇದೆ. ನೀರು ತುಂಬಿಸಿ ಒಂದೆರಡು ದಿನ ಬಿಟ್ಟರೆ, ಮಲಿನವಾಗಿದ್ದಲ್ಲಿ ಕಪ್ಪಾಗುತ್ತದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ನೀರು ಪರೀಕ್ಷಿಸುವ ಮಹಿಳೆಯರಿಗೆ ಇದು ಚಿರಪರಿಚಿತ. ಅದು ಎಷ್ಟು ಕೆಟ್ಟಿದೆ ಎಂದು ಹೇಳುವುದಿಲ್ಲ, ಕೆಟ್ಟಿದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಆದರೆ ಕಪ್ಪಾದ ಬಾಟಲಿಯನ್ನು ಒಬ್ಬ ತಾಯಿಯ ಕೈಗೆ ಕೊಟ್ಟಾಗ ಅದು ಮಾಡುವ ಕೆಲಸವನ್ನು ಪ್ರಯೋಗಾಲಯದ ಯಾವ ಸಂಖ್ಯೆಯೂ ಮಾಡುವುದಿಲ್ಲ. ರಾಸಾಯನಿಕ ಪರೀಕ್ಷೆಯನ್ನು ತುರ್ತಿನಲ್ಲಿ ಬಿಡುವುದು ಸಾಮಾನ್ಯ. ಮೊದಲ ವಾರ ಬಿಡಿ, ಪರವಾಗಿಲ್ಲ. ಜನ ಆ ನೀರನ್ನೇ ವರ್ಷಗಟ್ಟಲೆ ಕುಡಿಯುವಂತಿದ್ದರೆ ಬಿಡಬೇಡಿ. ಬಾಂಗ್ಲಾದೇಶದ ಆರ್ಸೆನಿಕ್, ನಮ್ಮ ಬಯಲುಸೀಮೆಯ ಫ್ಲೋರೈಡ್ ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ.

ಮಾದರಿ ತೆಗೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಒಂದು ನಲ್ಲಿಯ ನೀರು, ಅದೇ ನಲ್ಲಿಯಿಂದ ಆಗಷ್ಟೇ ತುಂಬಿದ ಒಂದು ಕೊಡ, ಅದೇ ನೀರು ತುಂಬಿಟ್ಟ ಮನೆಯ ಪಾತ್ರೆ, ಹೀಗೆ ಮೂರನ್ನು ಜೋಡಿಯಾಗಿ ತೆಗೆಯಿರಿ. ನಲ್ಲಿಯಲ್ಲಿ ಚೆನ್ನಾಗಿದ್ದು ಕೊಡದಲ್ಲಿ ಕೆಟ್ಟಿದ್ದರೆ ಕೊಡ ತೊಳೆಯುವ ಏರ್ಪಾಡು ಬೇಕು. ಕೊಡದಲ್ಲಿ ಚೆನ್ನಾಗಿದ್ದು ಮನೆಯಲ್ಲಿ ಕೆಟ್ಟಿದ್ದರೆ ಮುಚ್ಚಳ, ತೂಬು ಇರುವ ಪಾತ್ರೆ ಬೇಕು. ನಲ್ಲಿಯಲ್ಲೇ ಕೆಟ್ಟಿದ್ದರೆ ಎಂಜಿನಿಯರ್ ಬೇಕು. ಇಷ್ಟು ನೇರವಾಗಿ ‘ನಾಳೆ ಏನು ಮಾಡಬೇಕು’ ಎಂದು ಹೇಳುವ ಇನ್ನೊಂದು ವಿಧಾನ ನನಗೆ ಗೊತ್ತಿಲ್ಲ.

ಕೇಳಿ ತಿಳಿಯುವುದು, ನೋಡಿ ತಿಳಿಯುವುದು

ಮನೆ ಸಮೀಕ್ಷೆ ದಾನಿಗಳಿಗೆ ಪ್ರಿಯ. ಪ್ರತಿಶತ ಸಿಗುತ್ತದೆ, ಆರಂಭಕ್ಕೂ ಕೊನೆಗೂ ಹೋಲಿಸಬಹುದು. ಅದರ ನಿಜವಾದ ಬೆಲೆ ಮಾತ್ರ ಅನೇಕರಿಗೆ ತಿಳಿದಿರುವುದಿಲ್ಲ. ಉತ್ತರ 5 ಅಂಶ ಆಚೀಚೆಯೊಳಗೆ ಬರಬೇಕಾದರೆ, ಯಾವ ಮನೆಯನ್ನಾದರೂ ಚೀಟಿ ಎತ್ತಿದಂತೆ ಆರಿಸಲು ಸಾಧ್ಯವಿದ್ದರೂ ಸುಮಾರು 384 ಮನೆ ಬೇಕು. ಗುಂಪುಗುಂಪಾಗಿ ಮನೆ ಆರಿಸಿದರೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಣ್ಣ ಸಂಸ್ಥೆಗೆ ಇದು ಎರಡು ವಾರದ ಕೆಲಸ.

ಅಷ್ಟು ಕೈಲಾಗದವರಿಗೆ 19 ಮನೆಗಳ ವಿಧಾನ ಇದೆ. ಕಾರ್ಖಾನೆಗಳಲ್ಲಿ ಮಾಲಿನ ಗುಣಮಟ್ಟ ನೋಡಲು ಹುಟ್ಟಿದ ಲೆಕ್ಕ ಇದು. ಆರೋಗ್ಯ ಕಾರ್ಯಕ್ರಮಗಳ ಮೂಲಕ ನೆರವಿನ ಕೆಲಸಕ್ಕೆ ಬಂದಿದೆ. ಒಬ್ಬ ಮೇಲ್ವಿಚಾರಕರ ವ್ಯಾಪ್ತಿಯಿಂದ 19 ಮನೆಗಳನ್ನು ಚೀಟಿ ಎತ್ತಿ ಆರಿಸಬೇಕು. ‘ಶೇ 80 ಮನೆಗಳಲ್ಲಿ ಸೋಪು ಇರಬೇಕು’ ಎಂಬುದು ಗುರಿಯಾಗಿದ್ದರೆ, 19ರಲ್ಲಿ 13 ಅಥವಾ ಹೆಚ್ಚು ಮನೆಯಲ್ಲಿ ಸೋಪು ಸಿಕ್ಕರೆ ಆ ವ್ಯಾಪ್ತಿ ಗುರಿ ಮುಟ್ಟಿದೆ ಎಂದು ಹಿಡಿಯಬಹುದು (ಮನೆಗಳು ಕಡಿಮೆಯಾದ್ದರಿಂದ ಆಕಸ್ಮಿಕ ಏರುಪೇರಿಗೆ ಇಷ್ಟು ಸಡಿಲ ಬಿಟ್ಟಿರುತ್ತದೆ). ಕಡಿಮೆಯಾದರೆ ಅಲ್ಲಿಗೆ ಮೊದಲು ಗಮನ ಕೊಡಬೇಕು. ನಿಖರ ಪ್ರತಿಶತ ಸಿಗುವುದಿಲ್ಲ. ಆದರೆ ಎಂಟು ವ್ಯಾಪ್ತಿಗಳಲ್ಲಿ ಯಾವ ಎರಡು ಹಿಂದೆ ಬಿದ್ದಿವೆ ಎಂದು ನಾಲ್ಕೇ ದಿನದಲ್ಲಿ ತಿಳಿಯುತ್ತದೆ. ಕೆಲಸ ಮಾಡುವವರಿಗೆ ಬೇಕಾದದ್ದು ಬಹುತೇಕ ಸಲ ಇಷ್ಟೇ.

ಇನ್ನು ಕೇಳುವುದರ ಮಿತಿ. ‘ಶೌಚದ ನಂತರ ಸೋಪಿನಿಂದ ಕೈ ತೊಳೆಯುತ್ತೀರಾ?’ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರು? ಕೂತು ನೋಡಿದರೂ ತೊಂದರೆ ತಪ್ಪುವುದಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಸೋಪಿನೊಳಗೆ ಚಲನೆ ಗುರುತಿಸುವ ಸೆನ್ಸರ್ ಅಡಗಿಸಿ ಮಾಡಿದ ಅಧ್ಯಯನವೊಂದರಲ್ಲಿ, ಹೊರಗಿನವರು ಬಂದು ಕುಳಿತ ದಿನ ಸೋಪಿನ ಬಳಕೆ ಶೇ 35ರಷ್ಟು ಏರಿತ್ತು. ಅತಿಥಿ ಬಂದಾಗ ಮನೆ ಗುಡಿಸುವುದು ಮನುಷ್ಯ ಸಹಜ. ಹಾಗಾಗಿ ಪ್ರಶ್ನೆ ಕೇಳುವ ಬದಲು ಕುರುಹು ನೋಡುವುದನ್ನು ನಾನು ಹೆಚ್ಚು ನಂಬುತ್ತೇನೆ. ‘ಕೈ ತೊಳೆಯುವ ಜಾಗ ತೋರಿಸುತ್ತೀರಾ?’ ಎಂದು ಕೇಳಿ. ಅಲ್ಲಿ ನೀರಿದೆಯೇ, ಸೋಪು ಇದೆಯೇ, ಅದು ಒದ್ದೆಯಾಗಿದೆಯೇ, ಸವೆದಿದೆಯೇ ನೋಡಿ. ಶೌಚಾಲಯಕ್ಕೆ ಹೋಗುವ ಹಾದಿಯಲ್ಲಿ ಹುಲ್ಲು ಬೆಳೆದಿದೆಯೇ, ತುಳಿದು ಸವೆದಿದೆಯೇ ನೋಡಿ.

ಹಂಚಿದ ಸಾಮಾನು ಏನಾಯಿತು ಎಂದು ಎರಡರಿಂದ ನಾಲ್ಕು ವಾರಗಳಲ್ಲಿ ಹೋಗಿ ಕೇಳುವ ಕ್ರಮವೂ ಇದೆ. ಇದು ಅಗ್ಗ, ಬೇಗ ಆಗುತ್ತದೆ, ಎಲ್ಲರೂ ಮಾಡಬೇಕು. ಒಂದು ಮಾತನ್ನು ಮಾತ್ರ ನೆನಪಿಡಿ: ಸೋಪನ್ನೋ ಬಕೆಟ್ಟನ್ನೋ ಮಾರಿದ ಮನೆ ಸಿಕ್ಕರೆ ಅದನ್ನು ವಂಚನೆ ಎಂದು ಬರೆಯಬೇಡಿ. ಅವರಿಗೆ ಸೋಪಿಗಿಂತ ಮೀನು, ತರಕಾರಿ, ಔಷಧಿ ತುರ್ತಾಗಿ ಬೇಕಿತ್ತು ಎಂಬ ಸುದ್ದಿ ಅದು. ನಿಮ್ಮ ಯೋಜನೆ ತಯಾರಿಸಿದವರಿಗೆ ತಲುಪಬೇಕಾದ ಸುದ್ದಿ.

ಯಾರು ಕೇಳುತ್ತಾರೆ, ಯಾವ ಮಾತಿನಲ್ಲಿ ಕೇಳುತ್ತಾರೆ ಎಂಬುದು ಪ್ರಶ್ನೆಯಷ್ಟೇ ಮುಖ್ಯ. ರೋಹಿಂಗ್ಯಾ ಮಾತು ಚಿತ್ತಗಾಂಗ್ ಸೀಮೆಯ ಮಾತಿಗೆ ಹತ್ತಿರ, ಆದರೆ ಅದೇ ಅಲ್ಲ. ಮೈ, ಮುಟ್ಟು, ಕಾಯಿಲೆಯ ಬಗ್ಗೆ ಮಾತನಾಡುವಾಗ ಶಬ್ದಗಳು ಬೇರೆಯಾಗುತ್ತವೆ, ಸಂಕೋಚವೂ ಬೇರೆ. ನಮ್ಮಲ್ಲೂ ಕಲಬುರಗಿಯ ತಾಂಡಾದಲ್ಲಿ ಲಂಬಾಣಿ ಮಾತನಾಡುವ ಅಜ್ಜಿಯ ಎದುರು ಪುಸ್ತಕದ ಕನ್ನಡದ ಪ್ರಶ್ನಾವಳಿ ಓದಿದರೆ ತಲೆಯಾಡಿಸುವುದಷ್ಟೇ ಸಿಗುತ್ತದೆ. ಬಾಗಿಲಲ್ಲಿ ಸಿಗುವ ಗಂಡಸನ್ನು ಕೇಳಿ ಮುಗಿಸುವುದು ಇನ್ನೊಂದು ತಪ್ಪು. ನೀರು ಹೊರುವವಳು ಒಳಗಿರುತ್ತಾಳೆ. 2020ರಲ್ಲಿ ಕೋವಿಡ್‌ನಿಂದಾಗಿ ಶಿಬಿರಗಳ ಒಳಗೆ ಹೋಗುವುದು ಕಷ್ಟವಾದಾಗ ಫೋನ್ ಸಮೀಕ್ಷೆ ಹೆಚ್ಚಿತು. ಬೇರೆ ದಾರಿಯಿಲ್ಲದಾಗ ಸರಿ. ಫೋನ್ ಇರುವುದು ಯಾರ ಕೈಯಲ್ಲಿ ಎಂಬುದನ್ನು ವರದಿಯಲ್ಲಿ ಬರೆಯಬೇಕು.

ಕೂತು ಮಾತನಾಡುವುದು, ಜೊತೆಗೆ ನಡೆಯುವುದು

ಶೌಚಾಲಯದ ವಿಷಯದಲ್ಲಿ ಸಮೀಕ್ಷೆಗಿಂತ ಇದೇ ಮೇಲು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಕಾಕ್ಸ್ ಬಜಾರ್‌ನಲ್ಲಿ ಎಣಿಕೆ ಗುರಿಯ ಹತ್ತಿರ ಬಂದ ಮೇಲೂ ಅನೇಕ ಹೆಂಗಸರು ಶೌಚಾಲಯ ಬಳಸುತ್ತಿರಲಿಲ್ಲ. ಕತ್ತಲಾದ ಮೇಲೆ ಹೋಗಲು ಭಯ, ಒಳಗಿನಿಂದ ಚಿಲಕವಿಲ್ಲ, ಗಂಡಸರ ಸಾಲಿನ ಎದುರೇ ಬಾಗಿಲು, ದೀಪವಿಲ್ಲ. ರಾತ್ರಿ ಹೋಗಬೇಕಾಗದಿರಲಿ ಎಂದು ಸಂಜೆಯ ಊಟ, ನೀರು ಕಡಿಮೆ ಮಾಡಿದವರಿದ್ದರು. ಮನೆಯ ಮೂಲೆಯಲ್ಲೇ ಮರೆಮಾಡಿಕೊಂಡು ಸ್ನಾನ ಮಾಡುತ್ತಿದ್ದವರಿದ್ದರು. ಆ ನೀರು ಮಲಗುವ ನೆಲದ ಮೇಲೇ ಹರಿಯುತ್ತಿತ್ತು. ಮುಟ್ಟಿನ ಬಟ್ಟೆ ಒಗೆದು ಬಿಸಿಲಿಗೆ ಹಾಕಲು ಜಾಗವಿರಲಿಲ್ಲ. ಇಂಥದ್ದು ‘ಹೌದು/ಇಲ್ಲ’ ಚೌಕದೊಳಗೆ ಕೂರುವ ಸಂಗತಿಯಲ್ಲ. ಆರರಿಂದ ಹತ್ತು ಜನ ಹೆಂಗಸರು, ಹೆಂಗಸೇ ನಡೆಸುವ ಮಾತುಕತೆ, ಹೊರಗೆ ಯಾರೂ ಕಿವಿಗೊಟ್ಟು ನಿಂತಿಲ್ಲ ಎಂಬ ಭರವಸೆ ಇದ್ದಾಗ ಮಾತ್ರ ಹೊರಬರುತ್ತದೆ. ಹದಿಹರೆಯದ ಹುಡುಗಿಯರನ್ನು ಅತ್ತೆಯಂದಿರ ಗುಂಪಿನಲ್ಲಿ ಕೂರಿಸಬೇಡಿ. ಅಂಗವಿಕಲರನ್ನು ಸಭೆಗೆ ಕರೆಯುವ ಬದಲು ಅವರ ಗುಡಿಸಲಿಗೆ ನೀವೇ ಹೋಗಿ, ಅಲ್ಲಿಂದ ಶೌಚಾಲಯದವರೆಗೆ ಅವರ ಜೊತೆ ಹೆಜ್ಜೆ ಹಾಕಿ.

ಕತ್ತಲಾದ ಮೇಲೆ ಮಹಿಳಾ ಕಾರ್ಯಕರ್ತೆಯರು ಅಲ್ಲಿನ ಹೆಂಗಸರ ಜೊತೆ ಶೌಚಾಲಯದ ಹಾದಿಯಲ್ಲಿ ಒಮ್ಮೆ ನಡೆಯುವುದು ನಾನು ಕಂಡ ಅತ್ಯಂತ ಅಗ್ಗದ, ಅತ್ಯಂತ ಸತ್ಯದ ಮೌಲ್ಯಮಾಪನ. ಒಂದು ಗಂಟೆ ಸಾಕು.

ಇದರ ಮಿತಿಯೂ ಸ್ಪಷ್ಟ: ಎಷ್ಟು ಜನರಿಗೆ ಹೀಗಾಗಿದೆ ಎಂದು ಹೇಳಲು ಬರುವುದಿಲ್ಲ. ಜೋರಾಗಿ ಮಾತನಾಡುವವರ ಮಾತು ಇಡೀ ಶಿಬಿರದ ಮಾತಾಗಿಬಿಡುವ ಅಪಾಯವಿದೆ. ಆದ್ದರಿಂದ ಮೊದಲು ಮಾತುಕತೆ, ಅದರಿಂದ ಹೊಳೆದ ಪ್ರಶ್ನೆಗಳೊಂದಿಗೆ ಸಮೀಕ್ಷೆ ಎಂಬ ಕ್ರಮ ಒಳ್ಳೆಯದು. ಬಹಳಷ್ಟು ಕಡೆ ಇದು ತಲೆಕೆಳಗಾಗಿ ನಡೆಯುತ್ತದೆ.

ಕಾಯಿಲೆಯ ಲೆಕ್ಕ ಮತ್ತು ದೊಡ್ಡ ಪ್ರಯೋಗಗಳು

‘ಕಾಯಿಲೆ ಕಡಿಮೆಯಾಯಿತೇ?’ ಎಂಬುದು ನ್ಯಾಯವಾದ ಪ್ರಶ್ನೆ. ಆದರೂ ಸಣ್ಣ ಸಂಸ್ಥೆಗಳಿಗೆ ನಾನು ಈ ದಾರಿ ಹಿಡಿಯಬೇಡಿ ಎನ್ನುತ್ತೇನೆ. ಅತಿಸಾರ ಮಳೆಗಾಲಕ್ಕೆ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ, ಲಸಿಕೆಯಿಂದ ಇಳಿಯುತ್ತದೆ, ಹೊಸ ಚಿಕಿತ್ಸಾ ಕೇಂದ್ರ ತೆರೆದರೆ ದಾಖಲಾತಿ ಏರುತ್ತದೆ. 2017ರ ಅಕ್ಟೋಬರ್‌ನಲ್ಲಿ ಕಾಕ್ಸ್ ಬಜಾರ್‌ನಲ್ಲಿ ಲಕ್ಷಾಂತರ ಜನರಿಗೆ ಕಾಲರಾ ಲಸಿಕೆ ಹಾಕಲಾಯಿತು. ಆ ನಂತರ ಅಲ್ಲಿ ಕಾಲರಾ ದೊಡ್ಡದಾಗಿ ಹಬ್ಬದಿದ್ದರೆ, ಅದರಲ್ಲಿ ಲಸಿಕೆಯ ಪಾಲೆಷ್ಟು, ನಿಮ್ಮ ಕೈಪಂಪಿನ ಪಾಲೆಷ್ಟು ಎಂದು ಬಿಡಿಸುವುದು ಹೇಗೆ?

ಬಿಡಿಸಲು ಇರುವ ದಾರಿ, ಚೀಟಿ ಎತ್ತಿ ಒಂದು ಗುಂಪಿಗೆ ಸೌಲಭ್ಯ ಕೊಟ್ಟು ಇನ್ನೊಂದರ ಜೊತೆ ಹೋಲಿಸುವುದು. ಮೊಜಾಂಬಿಕ್‌ನಿಂದ ಬಂದವರಿದ್ದ ಮಲಾವಿಯ ನ್ಯಾಮಿಥುಥು ಶಿಬಿರದಲ್ಲಿ ಹೀಗೊಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ಮುಚ್ಚಳ ಮತ್ತು ಮೂತಿ ಇರುವ ಬಕೆಟ್ ಕೊಟ್ಟರು, ಉಳಿದವರು ತಮ್ಮ ಪಾತ್ರೆಗಳನ್ನೇ ಬಳಸಿದರು. ಹೊಸ ಬಕೆಟ್ ಇದ್ದ ಮನೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಅತಿಸಾರ ಶೇ 31ರಷ್ಟು ಕಡಿಮೆಯಿತ್ತು. ಕೊಡದ ಬಳಿ ನಿಲ್ಲಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಆದರೆ ಇಂಥ ಪ್ರಯೋಗಗಳು ಕಹಿ ಸತ್ಯವನ್ನೂ ಹೇಳಿವೆ. ಒಡಿಶಾದ ಪುರಿ ಜಿಲ್ಲೆಯ 100 ಹಳ್ಳಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾರ್ಯಕ್ರಮ ನಡೆದ ಹಳ್ಳಿಗಳ ಶೌಚಾಲಯದ ಪ್ರಮಾಣ ಶೇ 9ರಿಂದ 63ಕ್ಕೆ ಏರಿತು. ಮಕ್ಕಳ ಅತಿಸಾರ ಮಾತ್ರ ಎರಡೂ ಗುಂಪಿನಲ್ಲಿ ಶೇ 9ರ ಆಸುಪಾಸಿನಲ್ಲೇ ಉಳಿಯಿತು. ಕಟ್ಟಿದ ಶೌಚಾಲಯಗಳನ್ನು ಎಲ್ಲರೂ ಬಳಸುತ್ತಿರಲಿಲ್ಲ. 2018ರಲ್ಲಿ ಬಂದ, ಬಾಂಗ್ಲಾದೇಶ ಮತ್ತು ಕೀನ್ಯಾದಲ್ಲಿ ನಡೆದ ನೀರು–ನೈರ್ಮಲ್ಯದ ಜೋಡಿ ಪ್ರಯೋಗದಲ್ಲಿ ಬಾಂಗ್ಲಾದೇಶದಲ್ಲಿ ಅತಿಸಾರ ಇಳಿಯಿತು, ಕೀನ್ಯಾದಲ್ಲಿ ಇಳಿಯಲಿಲ್ಲ. ಬಾಂಗ್ಲಾದೇಶದಲ್ಲಿ ಕಾರ್ಯಕರ್ತೆಯರು ತಿಂಗಳಿಗೆ ಹಲವು ಸಲ ಮನೆಗೆ ಹೋಗುತ್ತಿದ್ದರು, ಕೀನ್ಯಾದಲ್ಲಿ ಅಷ್ಟು ಹೋಗುತ್ತಿರಲಿಲ್ಲ. ವ್ಯತ್ಯಾಸಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು, ಆದರೆ ಯೋಚಿಸಬೇಕಾದ ಸಂಗತಿ. ಮಕ್ಕಳ ಎತ್ತರದ ಬೆಳವಣಿಗೆ ನೀರು–ನೈರ್ಮಲ್ಯದಿಂದ ಎರಡೂ ಕಡೆ ಸುಧಾರಿಸಲಿಲ್ಲ.

ಇವುಗಳಿಗೆ ಸಾವಿರಾರು ಮನೆ, ವರ್ಷಗಳ ಕಾಲ, ಸಂಶೋಧನಾ ಸಂಸ್ಥೆಯ ಬೆಂಬಲ ಬೇಕು. ಕಾಲರಾ ಹರಡುತ್ತಿರುವಾಗ ಅರ್ಧ ಜನರಿಗೆ ಕ್ಲೋರಿನ್ ಕೊಡದೆ ಇಟ್ಟು ನೋಡುವುದು ಅನ್ಯಾಯ. ಅದನ್ನು ಯಾರೂ ಮಾಡಬಾರದು. ಎರಡು ಬಗೆಯ ಪಾತ್ರೆ, ಎರಡು ಬಗೆಯ ಸೋಪು ಹಂಚಿಕೆ, ಹೀಗೆ ಎರಡೂ ಕಡೆ ಏನಾದರೂ ಸಿಗುವಂತೆ ಹೋಲಿಸಬಹುದು. ಸಾಮಾನು ಹಂತಹಂತವಾಗಿ ಬರುತ್ತಿದ್ದರೆ ಯಾರಿಗೆ ಮೊದಲು ಎಂಬುದನ್ನು ಚೀಟಿಯಿಂದ ತೀರ್ಮಾನಿಸಿ, ಕಾಯುತ್ತಿರುವವರ ಜೊತೆ ಹೋಲಿಸಬಹುದು. ಉಳಿದಂತೆ, ಬೇರೆಯವರು ಈಗಾಗಲೇ ಸಾಬೀತು ಮಾಡಿರುವುದನ್ನು ಓದಿ, ಅದು ನಿಮ್ಮಲ್ಲಿ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದೇ ವಿವೇಕ.

ಯಾವಾಗ ನೋಡಬೇಕು?

ಕೆಲಸ ನಡೆಯುತ್ತಿರುವಾಗಲೇ ಹೊರಗಿನ ಇಬ್ಬರು ಮೂವರು ಬಂದು ಹತ್ತು ದಿನ ಇದ್ದು, ಹೊರಡುವ ಮುನ್ನ ತಂಡದ ಎದುರು ಕಂಡದ್ದನ್ನು ಹೇಳಿ ಹೋಗುವ ಪದ್ಧತಿಯಿದೆ. ಯೋಜನೆ ಮುಗಿದ ಮೇಲೆ ದಪ್ಪ ವರದಿ ಬರೆಯಿಸುವ ಪದ್ಧತಿಯೂ ಇದೆ. ತುರ್ತಿನ ಕೆಲಸಕ್ಕೆ ಮೊದಲನೆಯದು ಎಷ್ಟೋ ಮೇಲು. ಆರು ತಿಂಗಳ ಯೋಜನೆಯ ದೋಷ ಎಂಟನೆಯ ತಿಂಗಳಲ್ಲಿ ತಿಳಿದರೆ, ಆ ಶಿಬಿರದ ಜನರಿಗೆ ಅದರಿಂದ ಏನೂ ಬದಲಾಗುವುದಿಲ್ಲ.

ಮೂರನೆಯದನ್ನು ಬಹುತೇಕ ಯಾರೂ ಮಾಡುವುದಿಲ್ಲ: ಎರಡು ಮೂರು ವರ್ಷ ಬಿಟ್ಟು ಹಿಂದಿರುಗಿ ನೋಡುವುದು. ಶೌಚಾಲಯದ ನಿಜ ತಿಳಿಯುವುದು ಆಗಲೇ, ಏಕೆಂದರೆ ಗುಂಡಿ ತುಂಬಲು ಸಮಯ ಬೇಕು. ಕಾಕ್ಸ್ ಬಜಾರ್‌ನಲ್ಲಿ ಶೌಚಾಲಯಗಳು ಏರುಪೇರಿನ ಗುಡ್ಡಗಳ ಮೇಲಿವೆ. ಮಲ ಎತ್ತುವ ವಾಹನ ಅಲ್ಲಿಗೆ ಹೋಗುವುದಿಲ್ಲ. ಎತ್ತಿದ ಮಲವನ್ನು ಎಲ್ಲಿಗೆ ಒಯ್ಯುವುದು ಎಂಬುದು ಇನ್ನೊಂದು ಪ್ರಶ್ನೆ. 2019ರ ಹೊತ್ತಿಗೆ ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆ ಅಲ್ಲಿ ಸುಮಾರು 1,50,000 ಜನರ ಮಲವನ್ನು ಸಂಸ್ಕರಿಸಬಲ್ಲ ಘಟಕ ಕಟ್ಟಬೇಕಾಯಿತು. ಮೊದಲ ದಿನವೇ ‘ಇದು ತುಂಬಿದಾಗ ಏನು ಮಾಡುತ್ತೀರಿ?’ ಎಂದು ಕೇಳುವ ಮೌಲ್ಯಮಾಪನ ಬೇಕು. ಖರ್ಚಿನ ಲೆಕ್ಕಕ್ಕೂ ಇದೇ ಮಾತು. ಟ್ಯಾಂಕರ್ ನೀರು ಮೊದಲ ತಿಂಗಳು ಅಗ್ಗವಾಗಿ ಕಾಣುತ್ತದೆ, ಆಳದ ಕೊಳವೆಬಾವಿ, ಸೌರ ಪಂಪು, ಪೈಪ್‌ಲೈನ್ ದುಬಾರಿಯಾಗಿ ಕಾಣುತ್ತವೆ. ಒಬ್ಬರಿಗೆ ಒಂದು ವರ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕಿದರೆ ಚಿತ್ರ ತಿರುಗುತ್ತದೆ.

ನಾನು ಆರಿಸುವುದಾದರೆ

ಪ್ರವಾಹ ಬಂದು ಒಂದು ವಾರವಾಗಿದೆ, ಕೈಯಲ್ಲಿ ನಾಲ್ಕು ಜನ, ಮೂರು ದಿನ ಎಂದಿಟ್ಟುಕೊಳ್ಳಿ. ಮೊದಲ ದಿನ ಬಳಕೆಯಲ್ಲಿರುವ ನಲ್ಲಿ, ಶೌಚಾಲಯಗಳ ಎಣಿಕೆ ಮಾಡಿ. ಎರಡನೆಯ ದಿನ ನಲ್ಲಿ–ಕೊಡ–ಮನೆ ಜೋಡಿಯಾಗಿ ಇಪ್ಪತ್ತು ಮೂವತ್ತು ಕಡೆ ಕ್ಲೋರಿನ್ ನೋಡಿ. ಆ ಸಂಜೆ ಹೆಂಗಸರ ಜೊತೆ ರಾತ್ರಿ ನಡಿಗೆ. ಮೂರನೆಯ ದಿನ ತಿದ್ದುವುದಕ್ಕೆ. ಸಮೀಕ್ಷೆ ಬೇಡ.

ಮೂರರಿಂದ ಆರು ತಿಂಗಳ ಯೋಜನೆಯಾದರೆ, ತಿಂಗಳಿಗೊಮ್ಮೆ 19 ಮನೆಗಳ ವಿಧಾನವನ್ನು ಕೊಡದ ನೀರಿನ ಪರೀಕ್ಷೆಯೊಂದಿಗೆ ಸೇರಿಸಿ. ಪ್ರತಿ ಹಂಚಿಕೆಯ ನಂತರ ಹೋಗಿ ಕೇಳಿ. ನಡುವೆ ಒಮ್ಮೆ ಹೊರಗಿನವರನ್ನು ಕರೆಸಿ. ದಾನಿ ಸಂಸ್ಥೆ ದೊಡ್ಡ ಸಮೀಕ್ಷೆಯನ್ನೇ ಕೇಳಿದರೆ, ಅದರ ಅರ್ಧ ಹಣವನ್ನು ಇದಕ್ಕೆ ಬಿಡಲು ಕೇಳಿ ನೋಡಿ. ಸಕಾರಣವಾಗಿ ಕೇಳಿದಾಗ ಒಪ್ಪಿದ ದಾನಿಗಳನ್ನು ನಾನು ಕಂಡಿದ್ದೇನೆ.

ವರ್ಷಗಟ್ಟಲೆ ಉಳಿಯುವ ಶಿಬಿರ ಅಥವಾ ಪುನರ್ವಸತಿ ಬಡಾವಣೆಯಾದರೆ ಪೂರ್ಣ ಮನೆ ಸಮೀಕ್ಷೆ ಸಾರ್ಥಕ. ಜೊತೆಗೆ ರಾಸಾಯನಿಕ ಪರೀಕ್ಷೆ, ಗುಂಡಿ ತುಂಬಿದ ಲೆಕ್ಕ, ದುರಸ್ತಿಗೆ ಹಿಡಿದ ದಿನಗಳ ಲೆಕ್ಕ ಇರಲಿ. ನೀರುಗಂಟಿಗೆ ಸಂಬಳ ಯಾರು ಕೊಡುತ್ತಾರೆ ಎಂಬುದನ್ನೂ ಬರೆದಿಡಿ.

ಯಾವ ವಿಧಾನ ಆರಿಸಿದರೂ ಹೊರಡುವಾಗ ಚೀಲದಲ್ಲಿ ಎರಡು ವಸ್ತು ಇರಲಿ: ಕ್ಲೋರಿನ್ ಮಾತ್ರೆ, ಮುಚ್ಚಳವಿರುವ ಕೆಲವು ಪಾತ್ರೆ. ಮನೆಯೊಳಗೆ ಹೋಗಿ, ಕೊಡದ ನೀರು ಕೆಟ್ಟಿದೆ ಎಂದು ನಿಮ್ಮ ಪುಸ್ತಕದಲ್ಲಿ ಬರೆದುಕೊಂಡು, ಆ ಮಗು ಅದೇ ನೀರು ಕುಡಿಯುತ್ತಿರುವಾಗ ಎದ್ದು ಬರಬೇಡಿ. ಆ ಮನೆಯವರಿಗೆ ಕಂಡದ್ದನ್ನು ಹೇಳಿ, ಮಾತ್ರೆ ಹಾಕುವುದನ್ನು ತೋರಿಸಿ, ಪಾತ್ರೆ ಕೊಟ್ಟು, ಆಮೇಲೆ ಮುಂದಿನ ಮನೆಗೆ ಹೋಗಿ.